ಸೋಂಕಿನ ಕಾಲದಲ್ಲಿ ಹಲ್ಲುನೋವು ಬಂದರೆ: ಯಾವಾಗ ಹೋಗಬೇಕು, ಹೇಗೆ ಹೋಗಿಬರಬೇಕು

ಕೋವಿಡ್ ಸೋಂಕು ಮತ್ತೆ ಹೆಚ್ಚಾಗುತ್ತಿದೆ ಎಂಬ ಸುದ್ದಿ ಬಂದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. ‘ಹಲ್ಲು ನೋಯುತ್ತಿದೆ, ಈಗ ಡಾಕ್ಟರ ಹತ್ತಿರ ಹೋಗಬಹುದಾ?’ ‘ರೂಟ್ ಕೆನಾಲ್ ಅರ್ಧಕ್ಕೆ ನಿಂತಿದೆ, ಹಾಗೇ ಬಿಡಲಾ?’ ‘ಮಗಳ ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚುತ್ತಿದೆ, ಏನು ಮಾಡಲಿ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚುಟುಕಾಗಿ ಹೇಳುವುದಾದರೆ, ಹೋಗಬಹುದು. ಕೆಲವು ತೊಂದರೆಗಳಿಗೆ ಹೋಗಲೇಬೇಕು. ಆದರೆ ಎದ್ದು ನೇರವಾಗಿ ಹೊರಟುಬಿಡಬೇಡಿ. ಮೊದಲು ಫೋನ್ ಮಾಡಿ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಬೇರೆ ಡಾಕ್ಟರ ಹತ್ತಿರ ಮಾಸ್ಕ್ ಹಾಕಿಕೊಂಡೇ ಮಾತಾಡಬಹುದು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂರಬೇಕು. ಹಲ್ಲು ಕೊರೆಯುವ ಯಂತ್ರಕ್ಕೆ ಏರೋಟರ್ ಎನ್ನುತ್ತಾರೆ. ಅದು ನಿಮಿಷಕ್ಕೆ 2 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗಕ್ಕೆ ಹಲ್ಲು ಬಿಸಿಯಾಗಬಾರದು ಎಂದು ಜೊತೆಗೇ ನೀರು ಚಿಮ್ಮುತ್ತದೆ. ಆ ನೀರು ಎಂಜಲಿನ ಜೊತೆ ಸೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ. ಇದಕ್ಕೇ ಏರೋಸಾಲ್ ಎಂಬ ಹೆಸರು. ಬಾಯಲ್ಲಿ ವೈರಸ್ ಇದ್ದರೆ ಅದೂ ಈ ಹನಿಗಳ ಜೊತೆ ಹೊರಗೆ ಬರಬಹುದು.

ಕೋವಿಡ್‌ಅನ್ನು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಸಂಸ್ಥೆ ಹಲ್ಲಿನ ಚಿಕಿತ್ಸೆಯ ಬಗ್ಗೆಯೂ ಸಲಹೆ ಕೊಟ್ಟಿತು. ಸೋಂಕು ಜೋರಾಗಿ ಹರಡುತ್ತಿರುವ ಕಡೆ ಮಾಮೂಲಿ ತಪಾಸಣೆ, ಹಲ್ಲು ಕ್ಲೀನಿಂಗ್ ಮುಂದೂಡಬಹುದು, ಆದರೆ ತುರ್ತು ಚಿಕಿತ್ಸೆ ನಿಲ್ಲಬಾರದು ಎಂಬುದು ಆ ಸಲಹೆ. ತುಂಬಾ ಜನ ಇದರಲ್ಲಿ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡರು. ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಾದ ಹುಳುಕು ರೂಟ್ ಕೆನಾಲ್‌ಗೆ, ಅಂದರೆ ಹಲ್ಲಿನ ಒಳಗಿನ ನರ ತೆಗೆದು ತುಂಬುವ ಚಿಕಿತ್ಸೆಗೆ, ಹೋಗುವುದು, ರೂಟ್ ಕೆನಾಲ್‌ನಲ್ಲಿ ಉಳಿಯಬಹುದಾದ ಹಲ್ಲನ್ನು ಕೀಳಿಸಬೇಕಾಗುವುದು, ಎಲ್ಲ ಹೀಗೆ ಕಾದು ಕೂತಾಗಲೇ. ನನಗೆ ಬೇಸರ ತರುವುದು ಇದೇ ವಿಷಯ. ಹಾಗಾಗಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದರಿಂದಲೇ ಶುರು ಮಾಡೋಣ.

ಹಂತ 1: ನಿಮ್ಮ ತೊಂದರೆ ಎಷ್ಟು ತುರ್ತಿನದು ಎಂದು ನೋಡಿಕೊಳ್ಳಿ

ಮೊದಲು, ಒಂದು ಗಂಟೆಯೂ ಕಾಯಬಾರದ ತೊಂದರೆಗಳು. ಇವಕ್ಕೆ ಹಲ್ಲಿನ ಕ್ಲಿನಿಕ್ ಅಲ್ಲ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು.

ಮುಖದ ಊತ ಕಣ್ಣಿನ ಕಡೆಗೆ ಏರುತ್ತಿದ್ದರೆ. ಊತ ದವಡೆಯ ಕೆಳಗೆ ಇಳಿದು ಕುತ್ತಿಗೆಗೆ ಹರಡುತ್ತಿದ್ದರೆ. ಉಗುಳು ನುಂಗುವುದೇ ಕಷ್ಟವಾಗಿದ್ದರೆ. ನಾಲಿಗೆ ಮೇಲಕ್ಕೆ ಒತ್ತಿದ ಹಾಗೆ ಅನಿಸಿ ಮಾತು ತೊದಲುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾಗುತ್ತಿದ್ದರೆ. ಹಲ್ಲಿನ ಬೇರಿನ ಕೀವು ಗಂಟಲಿನ ಸುತ್ತ ಹರಡಿದಾಗ ಹೀಗಾಗುತ್ತದೆ. ಊತ ಉಸಿರಿನ ದಾರಿಯನ್ನೇ ಮುಚ್ಚಿಬಿಡಬಹುದು. ಪೆಟ್ಟು ಬಿದ್ದು ದವಡೆ ಮುರಿದಂತಿದ್ದರೆ, ಒತ್ತಿ ಹಿಡಿದರೂ ಬಾಯಿಂದ ರಕ್ತ ನಿಲ್ಲದಿದ್ದರೆ ಕೂಡ ಅಷ್ಟೇ. ಇಂಥ ಹೊತ್ತಿನಲ್ಲಿ ಸೋಂಕಿನ ಭಯ ಪಕ್ಕಕ್ಕಿಡಿ. ಮಾಸ್ಕ್ ಹಾಕಿಕೊಳ್ಳಿ, ಹೊರಡಿ.

ಎರಡನೆಯದು, ಒಂದೆರಡು ದಿನದೊಳಗೆ ತೋರಿಸಬೇಕಾದವು. ರಾತ್ರಿ ನಿದ್ದೆಗೆಡಿಸುವ ನೋವು. ತಾನಾಗಿಯೇ ಶುರುವಾಗಿ ಗಂಟೆಗಟ್ಟಲೆ ಇರುವ ನೋವು. ಒಸಡಿನ ಮೇಲೆ ಕೀವಿನ ಗುಳ್ಳೆ. ಕೊನೆಯ ದವಡೆ ಹಲ್ಲಿನ ಸುತ್ತ ಊದಿಕೊಂಡು ಬಾಯಿ ತೆರೆಯಲು ಕಷ್ಟವಾಗುವುದು. ಮುರಿದ ಹಲ್ಲಿನ ಚೂಪು ನಾಲಿಗೆ ಕೊಯ್ಯುವುದು. ಹಲ್ಲು ಕೀಳಿಸಿಕೊಂಡ ಎರಡು ಮೂರು ದಿನಕ್ಕೆ ನೋವು ಇಳಿಯುವ ಬದಲು ಏರುವುದು.

ಬಾಯಲ್ಲಿನ ಹುಣ್ಣು ಎರಡು ವಾರವಾದರೂ ವಾಸಿಯಾಗದಿದ್ದರೆ ಅದನ್ನೂ ಮುಂದಕ್ಕೆ ಹಾಕಬೇಡಿ. ನೋವಿಲ್ಲ ಎಂಬ ಕಾರಣಕ್ಕೆ ಜನ ಇದನ್ನು ಕೈಬಿಡುತ್ತಾರೆ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ನೋಯದೆಯೂ ಇರಬಹುದು. ತಂಬಾಕು ಬಳಸುವವರಂತೂ ಈ ಸಾಲನ್ನು ಇನ್ನೊಮ್ಮೆ ಓದಿ.

ಮೂರನೆಯದು, ಕಾಯಬಹುದಾದವು. ಮಾಮೂಲಿ ತಪಾಸಣೆ, ಕ್ಲೀನಿಂಗ್, ಹಲ್ಲು ಬಿಳಿ ಮಾಡಿಸುವುದು, ನೋವಿಲ್ಲದ ಸಣ್ಣ ಹುಳುಕು, ಅಂದಕ್ಕಾಗಿ ಮಾಡಿಸುವ ಕೆಲಸಗಳು. ತಣ್ಣಗಿನದು ತಾಗಿದಾಗ ಜುಮ್ ಎಂದು ತಕ್ಷಣ ಹೋಗಿಬಿಡುವ ನೋವೂ ಸ್ವಲ್ಪ ದಿನ ಕಾಯುತ್ತದೆ. ಆದರೆ ಆ ಜುಮ್ ಅರ್ಧ ನಿಮಿಷವಾದರೂ ಹೋಗದಿದ್ದರೆ, ಬಿಸಿಗೂ ನೋಯಲು ಶುರುವಾದರೆ ಹಲ್ಲಿನ ಒಳಗಿನ ನರಕ್ಕೆ ಏಟು ಬಿದ್ದಿದೆ ಎಂದು ತಿಳಿಯಿರಿ. ಅದನ್ನು ಎರಡನೆಯ ಗುಂಪಿಗೆ ಸೇರಿಸಿ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ನಾಲ್ಕು ದಿನ ಜೀವ ಹಿಂಡಿದ ನೋವು ಐದನೆಯ ದಿನ ತಟ್ಟನೆ ನಿಂತುಹೋಗುತ್ತದೆ. ‘ಅಬ್ಬಾ, ವಾಸಿಯಾಯಿತು’ ಎಂದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ವಾಸಿಯಾದದ್ದಲ್ಲ. ಒಳಗಿನ ನರ ಸತ್ತಿದೆ, ಹಾಗಾಗಿ ನೋವು ಗೊತ್ತಾಗುತ್ತಿಲ್ಲ. ಕೆಲವು ವಾರಗಳ ನಂತರ ಬೇರಿನ ತುದಿಯಲ್ಲಿ ಕೀವು ಕಟ್ಟಿಕೊಂಡು ಮುಖ ಊದುತ್ತದೆ.

ಹಂತ 2: ಫೋನ್ ಮಾಡಿ, ಫೋಟೋ ಕಳಿಸಿ

ಫೋನಿನಲ್ಲಿ ‘ಹಲ್ಲು ನೋವು ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಕರೆ ಮಾಡುವ ಮೊದಲು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನೋವು ಯಾವ ಕಡೆ, ಮೇಲೋ ಕೆಳಗೋ. ಎಷ್ಟು ದಿನದಿಂದ. ತಣ್ಣಗಿನದಕ್ಕೋ, ಬಿಸಿಗೋ, ಕಚ್ಚಿದಾಗಲೋ, ತಾನಾಗಿಯೋ. ಊತ, ಜ್ವರ ಇದೆಯಾ. ಈಗಾಗಲೇ ಏನು ಮಾತ್ರೆ ತೆಗೆದುಕೊಂಡಿದ್ದೀರಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದೆಯಾ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ. ಯಾವ ಔಷಧಿಗೆ ಅಲರ್ಜಿ. ಗರ್ಭಿಣಿಯಾಗಿದ್ದರೆ ಎಷ್ಟನೇ ತಿಂಗಳು.

ಸೋಂಕಿನ ಬಗ್ಗೆ ಸತ್ಯ ಹೇಳಿ. ಕೆಮ್ಮು, ಗಂಟಲು ನೋವು, ಜ್ವರ ಇದ್ದರೆ, ಮನೆಯಲ್ಲಿ ಯಾರಿಗಾದರೂ ಸೋಂಕಿದ್ದರೆ ಮುಚ್ಚಿಡಬೇಡಿ. ಹೇಳಿದರೆ ನೋಡುವುದಿಲ್ಲವೇನೋ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಮುಂಚೆಯೇ ಗೊತ್ತಿದ್ದರೆ ಅವರು ದಿನದ ಕೊನೆಯ ಸಮಯ ಕೊಡಬಹುದು, ಬೇರೆ ಕೋಣೆಯಲ್ಲಿ ನೋಡಬಹುದು, ಇಲ್ಲವೇ ಅಂಥವರನ್ನು ನೋಡುವ ವ್ಯವಸ್ಥೆ ಇರುವ ಆಸ್ಪತ್ರೆಗೆ ಕಳಿಸಬಹುದು. ತೊಂದರೆ ತುರ್ತಿನದಲ್ಲದಿದ್ದರೆ ಸೋಂಕು ವಾಸಿಯಾಗಿ, ಆರೋಗ್ಯ ಇಲಾಖೆ ಹೇಳಿದಷ್ಟು ದಿನ ಪ್ರತ್ಯೇಕವಾಗಿದ್ದ ಮೇಲೆ ಹೋದರೆ ಸಾಕು.

ಒಂದು ಸೂಕ್ಷ್ಮ ಇಲ್ಲಿದೆ. ಹಲ್ಲುನೋವಿಗೆ ನುಂಗುವ ಪ್ಯಾರಾಸಿಟಮಾಲ್ ಜ್ವರವನ್ನೂ ಇಳಿಸುತ್ತದೆ. ಕ್ಲಿನಿಕ್ ಬಾಗಿಲಲ್ಲಿ ಮೈ ಬಿಸಿ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಮಾತ್ರೆ ತೆಗೆದುಕೊಂಡ ಹೊತ್ತನ್ನು ಹೇಳಿ. ಹಾಗೆಯೇ ಹಲ್ಲಿನ ಕೀವಿನಿಂದಲೂ ಜ್ವರ ಬರುತ್ತದೆ. ಎಲ್ಲ ಜ್ವರವೂ ವೈರಸ್‌ನದ್ದಲ್ಲ.

ಫೋಟೋ ಕಳಿಸಿ ಎಂದರೆ ಮೂರು ಸಾಕು. ಮುಖ ನೇರವಾಗಿ, ಊತ ಎರಡು ಕಡೆ ಹೋಲಿಸಿ ನೋಡಲು. ಹಲ್ಲು ಕಚ್ಚಿಕೊಂಡು ಮುಂದಿನಿಂದ ಒಂದು. ನೋವಿರುವ ಜಾಗದ್ದು ಹತ್ತಿರದಿಂದ ಒಂದು. ಮೊದಲು ಕೈ ತೊಳೆದುಕೊಳ್ಳಿ, ಕ್ಯಾಮೆರಾದ ಗಾಜು ಒರೆಸಿ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿ. ಶುಚಿಯಾದ ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಎಳೆದು ಹಿಡಿಯಿರಿ, ಇನ್ನೊಬ್ಬರು ತೆಗೆಯಲಿ. ಸೆಲ್ಫಿಯಲ್ಲಿ ಒಳಗಿನ ಹಲ್ಲು ಸರಿಯಾಗಿ ಬರುವುದಿಲ್ಲ.

ಹುಳುಕು ಎಷ್ಟು ಆಳಕ್ಕೆ ಹೋಗಿದೆ ಎಂದು ಫೋಟೋ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ಎಕ್ಸ್‌ರೇ ಬೇಕು. ಫೋನ್ ಸಲಹೆಯಿಂದ ಗೊತ್ತಾಗುವುದು ನೀವು ಈಗಲೇ ಬರಬೇಕಾ, ಕಾಯಬಹುದಾ ಎಂಬುದು ಮಾತ್ರ.

ಹಂತ 3: ಡಾಕ್ಟರು ಹೇಳಿದ ದಿನದ ತನಕ ನೋವು ತಡೆದುಕೊಳ್ಳುವುದು

ಅರ್ಧ ಚಮಚ ಉಪ್ಪನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ, ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ. ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ದಾರದಿಂದ, ಅಂದರೆ ಫ್ಲಾಸ್‌ನಿಂದ, ಮೆಲ್ಲಗೆ ತೆಗೆಯಿರಿ. ಕೆಲವು ಸಲ ನೋವು ಅಷ್ಟಕ್ಕೇ ಅರ್ಧ ಇಳಿಯುತ್ತದೆ. ಮಲಗುವಾಗ ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರ ಮಾಡಿಕೊಳ್ಳಿ. ಮಲಗಿದಾಗ ತಲೆಯ ಕಡೆ ರಕ್ತ ಹೆಚ್ಚಾಗಿ ನೋವು ಮಿಡಿಯುತ್ತದೆ.

ದೊಡ್ಡವರು ಪ್ಯಾರಾಸಿಟಮಾಲ್ 500 ಮಿಲಿಗ್ರಾಂನಿಂದ 1 ಗ್ರಾಂ ತನಕ ತೆಗೆದುಕೊಳ್ಳಬಹುದು. ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಿ. 24 ಗಂಟೆಯಲ್ಲಿ 4 ಗ್ರಾಂ ದಾಟಲೇಬಾರದು. ಲಿವರ್ ತೊಂದರೆ ಇರುವವರು, ಮೈತೂಕ ಕಡಿಮೆ ಇರುವವರು, ದಿನವೂ ಕುಡಿಯುವವರು ಇದಕ್ಕಿಂತ ಕಡಿಮೆಗೇ ನಿಲ್ಲಿಸಬೇಕು, ಅಷ್ಟು ಎಷ್ಟು ಎಂದು ಡಾಕ್ಟರನ್ನು ಕೇಳಿ. ಸೋಂಕಿನ ಕಾಲದಲ್ಲಿ ಇಲ್ಲಿ ಒಂದು ದೊಡ್ಡ ಅಪಾಯವಿದೆ. ನೆಗಡಿ, ಜ್ವರದ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಆಗಲೇ ಇರುತ್ತದೆ. ಹಲ್ಲಿಗೆ ಒಂದು, ನೆಗಡಿಗೆ ಒಂದು ಎಂದು ನುಂಗುತ್ತಾ ಹೋದರೆ ಗೊತ್ತಿಲ್ಲದೇ ಮಿತಿ ದಾಟುತ್ತೀರಿ. ಮಾತ್ರೆಯ ಹಾಳೆಯ ಹಿಂದೆ ಬರೆದಿರುವುದನ್ನು ಓದಿ.

ಐಬುಪ್ರೊಫೆನ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಲ್ಲರಿಗೂ ಅಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೇಳದೇ ತೆಗೆದುಕೊಳ್ಳಬಾರದು. ಆಸ್ತಮಾ ಇದ್ದರೂ ಕೇಳಿಯೇ ತೆಗೆದುಕೊಳ್ಳಿ. ತೆಗೆದುಕೊಂಡರೆ ಊಟದ ಜೊತೆಗೇ.

ಈಗ ಮಾಡಬಾರದ ಕೆಲಸಗಳು. ಇವುಗಳಿಂದ ಆದ ಗಾಯವೇ ಎಷ್ಟೋ ಸಲ ಮೂಲ ನೋವಿಗಿಂತ ಜಾಸ್ತಿ ಕಾಡುತ್ತದೆ.

ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳಬೇಡಿ. ಅದು ಆಮ್ಲ. ಒಸಡು ಬೆಳ್ಳಗೆ ಸುಟ್ಟುಹೋಗುತ್ತದೆ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುವುದು ನಿಜ. ಆದರೆ ಹತ್ತಿಗೆ ಒಂದು ಹನಿ ಹಾಕಿ ಹಲ್ಲಿನ ತೂತಿಗೆ ಮಾತ್ರ ತಾಗಿಸಿ. ಸುರಿದುಕೊಂಡರೆ ಅದೂ ಸುಡುತ್ತದೆ. ಸಣ್ಣ ಮಕ್ಕಳಿಗೆ ಬೇಡವೇ ಬೇಡ. ಕೆನ್ನೆ ಊದಿದ್ದರೆ ಬಿಸಿ ಶಾಖ ಕೊಡಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹೊರಗಿನಿಂದ ಹತ್ತು ನಿಮಿಷ ಇಟ್ಟು ತೆಗೆಯಿರಿ.

ಕಪಾಟಿನಲ್ಲಿ ಉಳಿದಿರುವ ಆಂಟಿಬಯಾಟಿಕ್ ನುಂಗಬೇಡಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಲ್ಲಿನ ಒಳಗೆ ನರ ಊದಿಕೊಂಡು ಬರುವ ನೋವಿಗೆ ಆಂಟಿಬಯಾಟಿಕ್‌ನಿಂದ ಏನೂ ಆಗುವುದಿಲ್ಲ. ಕೀವು ಇದ್ದರೂ ಅದು ಹೊರಗೆ ಹೋಗಲು ದಾರಿ ಮಾಡಬೇಕು. ಅಂದರೆ ಹಲ್ಲು ತೆರೆಯಬೇಕು ಇಲ್ಲವೇ ಕೀಳಬೇಕು. ಊತ ಹರಡುತ್ತಿದ್ದರೆ, ಜ್ವರ ಬಂದಿದ್ದರೆ ಡಾಕ್ಟರೇ ಬರೆದುಕೊಡುತ್ತಾರೆ.

ಹಲ್ಲಿಗೆ ಹಾಕಿಸಿದ ಕ್ಯಾಪ್ ಉದುರಿಬಿದ್ದರೆ ತೊಳೆದು ಡಬ್ಬಿಯಲ್ಲಿಡಿ. ಮನೆಯಲ್ಲಿರುವ ಅಂಟಿನಿಂದ ಅಂಟಿಸಬೇಡಿ. ಕ್ಲಿಪ್ಪಿನ ತಂತಿ ಚುಚ್ಚುತ್ತಿದ್ದರೆ ಅದಕ್ಕೆಂದೇ ಸಿಗುವ ಮೇಣವನ್ನು ಉಂಡೆ ಮಾಡಿ ತುದಿಗೆ ಒತ್ತಿ. ಪೆನ್ಸಿಲ್ಲಿನ ರಬ್ಬರ್ ತುದಿಯನ್ನು ತೊಳೆದು, ತಂತಿಯನ್ನು ಹಲ್ಲಿನ ಕಡೆಗೆ ಮೆಲ್ಲಗೆ ಬಾಗಿಸಲೂಬಹುದು. ಕತ್ತರಿಸಲು ಹೋಗಬೇಡಿ, ತುಂಡು ಗಂಟಲಿಗೆ ಇಳಿಯುವ ಅಪಾಯವಿದೆ.

ಹಂತ 4: ಹೊರಡುವ ದಿನ

ಊಟ ಮಾಡಿಯೇ ಹೋಗಿ. ಬಾಯಿ ಮರಗಟ್ಟಿಸಿದ ಮೇಲೆ ಎರಡು ಮೂರು ಗಂಟೆ ತಿನ್ನಲು ಕಷ್ಟ. ಸಕ್ಕರೆ ಕಾಯಿಲೆಯವರು ಮಾತ್ರೆ, ಊಟ ಎರಡನ್ನೂ ತಪ್ಪಿಸಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸುವುದರಿಂದ ಆಗುವ ಅಪಾಯ ಹಲ್ಲು ಕಿತ್ತಾಗ ಬರುವ ರಕ್ತಕ್ಕಿಂತ ದೊಡ್ಡದು.

ಮನೆಯಲ್ಲೇ ಹಲ್ಲುಜ್ಜಿ, ಶೌಚಾಲಯಕ್ಕೆ ಹೋಗಿ ಹೊರಡಿ. ಒಬ್ಬರೇ ಹೋಗಿ. ಮಕ್ಕಳಿಗೆ, ವಯಸ್ಸಾದವರಿಗೆ ಜೊತೆಗೆ ಒಬ್ಬರು ಸಾಕು. ಹಳೆಯ ಎಕ್ಸ್‌ರೇ, ಔಷಧಿ ಚೀಟಿ, ಎರಡು ಮಾಸ್ಕ್ ಇಟ್ಟುಕೊಳ್ಳಿ. ಎರಡನೆಯ ಮಾಸ್ಕ್ ಯಾಕೆಂದರೆ ಚಿಕಿತ್ಸೆ ಮುಗಿಯುವಾಗ ಮೊದಲನೆಯದು ಒದ್ದೆಯಾಗಿರಬಹುದು. ಒದ್ದೆ ಮಾಸ್ಕ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ವಯಸ್ಸಾದವರು, ಬೇರೆ ಕಾಯಿಲೆ ಇರುವವರು ದಿನದ ಮೊದಲ ಸಮಯ ಕೇಳಿಕೊಳ್ಳಿ. ರಾತ್ರಿಯಿಡೀ ಯಾರೂ ಇಲ್ಲದ ಕೋಣೆಯ ಗಾಳಿ ಶುಚಿಯಾಗಿರುತ್ತದೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ಅರ್ಧ ಗಂಟೆ ಮೊದಲೇ ಹೋಗಿ ಕಾಯುವ ಕೋಣೆಯಲ್ಲಿ ಕೂರಬೇಡಿ. ನನ್ನ ಅಭಿಪ್ರಾಯದಲ್ಲಿ ಚಿಕಿತ್ಸೆಯ ಕುರ್ಚಿಗಿಂತ ಜನ ತುಂಬಿದ ಆ ಮುಚ್ಚಿದ ಕೋಣೆಯ ಬಗ್ಗೆಯೇ ಜಾಸ್ತಿ ಎಚ್ಚರ ಬೇಕು. ಸಾಧ್ಯವಾದರೆ ಹೊರಗೆ ನಿಂತು, ಕರೆದಾಗ ಒಳಗೆ ಹೋಗಿ.

ಹಂತ 5: ಕ್ಲಿನಿಕ್‌ನಲ್ಲಿ ಏನು ನೋಡಬೇಕು, ಏನು ಕೇಳಬೇಕು

ಎಲ್ಲಕ್ಕಿಂತ ಮೊದಲು ಗಾಳಿ. ಕಿಟಕಿ ತೆರೆದಿದೆಯಾ, ಗಾಳಿ ಹೊರಗೆ ಎಳೆಯುವ ಫ್ಯಾನ್ ಓಡುತ್ತಿದೆಯಾ ನೋಡಿ. ಹಿಂದಿನವರು ಎದ್ದುಹೋಗಿ ಎಷ್ಟು ಹೊತ್ತಾಯಿತು ಎಂದು ಕೇಳಿ. ಇದಕ್ಕೆ ಲೆಕ್ಕ ಇದೆ. ಕೋಣೆಯ ಗಾಳಿ ಗಂಟೆಗೆ 6 ಸಲ ಬದಲಾಗುವಂತಿದ್ದರೆ, ತೇಲುವ ಹನಿಗಳಲ್ಲಿ ನೂರಕ್ಕೆ 99 ಪಾಲು ಹೊರಹೋಗಲು ಸುಮಾರು 46 ನಿಮಿಷ ಬೇಕು. 12 ಸಲ ಬದಲಾದರೆ 23 ನಿಮಿಷ. ಅದಕ್ಕೇ ಒಳ್ಳೆಯ ಕ್ಲಿನಿಕ್‌ಗಳು ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸಮಯ ಬಿಡುತ್ತವೆ. ಕಾಯಿಸಿದರು ಎಂದು ಸಿಟ್ಟಾಗಬೇಡಿ. ಆ ಕಾಯುವಿಕೆ ನಿಮ್ಮ ಒಳ್ಳೆಯದಕ್ಕೇ.

ಎರಡನೆಯದು, ಸಲಕರಣೆ. ಅವು ಆಟೋಕ್ಲೇವ್‌ನಲ್ಲಿ ಶುದ್ಧವಾಗಿ ಬಂದಿರಬೇಕು. ಆಟೋಕ್ಲೇವ್ ಎಂದರೆ ಒತ್ತಡದ ಹಬೆಯ ಪಾತ್ರೆ, ಕುಕ್ಕರ್ ಇದ್ದ ಹಾಗೆ. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ 3 ನಿಮಿಷ ಇಟ್ಟರೆ ರೋಗಾಣು ಉಳಿಯುವುದಿಲ್ಲ. ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಪೊಟ್ಟಣದ ಮೇಲೆ ಶಾಖಕ್ಕೆ ಬಣ್ಣ ಬದಲಿಸುವ ಗುರುತು ಇರುತ್ತದೆ. ‘ಒಮ್ಮೆ ತೋರಿಸ್ತೀರಾ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಸರಿಯಾಗಿ ಕೆಲಸ ಮಾಡುವ ಡಾಕ್ಟರು ಖುಷಿಯಿಂದಲೇ ತೋರಿಸುತ್ತಾರೆ. ಕೈಗವಸು ಹೊಸದಾಗಿರಬೇಕು. ಅದೇ ಕೈಗವಸಿನಲ್ಲಿ ಫೋನ್ ಎತ್ತಿದರೆ, ಬದಲಿಸಲು ಹೇಳಿ.

ಮೂರನೆಯದು, ತುಂತುರು ಕಡಿಮೆ ಮಾಡುವ ದಾರಿಗಳು. ಶುರುವಿಗೆ ಔಷಧಿ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಬಹುದು. ಅದು ಎಂಜಲಿನಲ್ಲಿರುವ ರೋಗಾಣುಗಳನ್ನು ಸ್ವಲ್ಪ ಹೊತ್ತಿಗೆ ಕಡಿಮೆ ಮಾಡುತ್ತದೆ, ಅಷ್ಟೇ. ಅದರಲ್ಲಿ ಅಯೋಡಿನ್ ಇದ್ದು ನಿಮಗೆ ಅಯೋಡಿನ್ ಅಲರ್ಜಿ ಅಥವಾ ಥೈರಾಯ್ಡ್ ತೊಂದರೆ ಇದ್ದರೆ ಮೊದಲೇ ಹೇಳಿ. ರಬ್ಬರ್ ಡ್ಯಾಮ್ ಎಂಬುದೊಂದಿದೆ. ತೆಳ್ಳನೆಯ ರಬ್ಬರ್ ಹಾಳೆ. ಅದನ್ನು ಬಾಯಿಗೆ ಅಡ್ಡಲಾಗಿ ಎಳೆದು, ಕೆಲಸ ಮಾಡುವ ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡುತ್ತಾರೆ. ಆಗ ಚಿಮ್ಮುವ ನೀರಿಗೆ ಎಂಜಲು ಸೇರುವುದು ತುಂಬಾ ಕಡಿಮೆ. ಜೊತೆಗೆ ಸಹಾಯಕರು ದೊಡ್ಡ ಬಾಯಿಯ ಸಕ್ಷನ್, ಅಂದರೆ ನೀರು ಎಳೆದುಕೊಳ್ಳುವ ಕೊಳವೆ, ಹಿಡಿದರೆ ಹನಿಗಳು ಹೊರಗೆ ಹಾರುವ ಮೊದಲೇ ಅದರೊಳಗೆ ಹೋಗುತ್ತವೆ. ಕ್ಲೀನಿಂಗ್ ತೀರಾ ಅಗತ್ಯವಿದ್ದರೆ ನೀರು ಚಿಮ್ಮುವ ಯಂತ್ರದ ಬದಲು ಕೈ ಸಲಕರಣೆಯಲ್ಲಿ ಮಾಡಲು ಆಗುತ್ತದಾ ಎಂದು ಕೇಳಿ ನೋಡಿ.

ಮಾಸ್ಕನ್ನು ಕುರ್ಚಿಯಲ್ಲಿ ಕೂತು, ಡಾಕ್ಟರು ತಯಾರಾದ ಮೇಲೆಯೇ ತೆಗೆಯಿರಿ. ಜೇಬಿಗೆ ತುರುಕಬೇಡಿ, ಕಾಗದದ ಚೀಲದಲ್ಲಿಡಿ. ಚಿಕಿತ್ಸೆ ಮುಗಿದ ಕೂಡಲೇ ಮತ್ತೆ ಹಾಕಿಕೊಳ್ಳಿ, ಮಾತುಕತೆ ಆಮೇಲೆ. ಬಾಯಿ ತುಂಬಿದರೆ ಕೈ ಎತ್ತಿ ಸನ್ನೆ ಮಾಡಿ, ಕುರ್ಚಿ ಪಕ್ಕದ ಬೇಸಿನ್‌ಗೆ ಮತ್ತೆ ಮತ್ತೆ ಉಗುಳುವ ಬದಲು ಸಕ್ಷನ್ ಇಡುತ್ತಾರೆ.

ಹಂತ 6: ಮನೆಗೆ ಬಂದ ಮೇಲೆ

ಕನಿಷ್ಠ 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯಿರಿ, ಮುಖ ತೊಳೆಯಿರಿ. ಅಷ್ಟು ಸಾಕು.

ಹಲ್ಲು ಕೀಳಿಸಿಕೊಂಡು ಬಂದಿದ್ದರೆ ಹತ್ತಿಯನ್ನು ಗಟ್ಟಿಯಾಗಿ ಅರ್ಧ ಗಂಟೆ ಕಚ್ಚಿಕೊಳ್ಳಿ. ರಕ್ತ ನಿಂತಿತಾ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡಬೇಡಿ. ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾ ಹಾಕಿ ಕುಡಿಯುವುದು ಬೇಡ. ಬೀಡಿ ಸಿಗರೇಟು ಬೇಡವೇ ಬೇಡ. ಆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಎಲುಬು ತೆರೆದುಕೊಂಡು ಭಯಂಕರ ನೋವಾಗುತ್ತದೆ. ಮತ್ತೆ ಕ್ಲಿನಿಕ್‌ಗೆ ಓಡಬೇಕು. ಸೋಂಕಿನ ಕಾಲದಲ್ಲಿ ತಪ್ಪಿಸಬೇಕಾದದ್ದೇ ಆ ಎರಡನೆಯ ಓಡಾಟವನ್ನು, ಅಲ್ವಾ?

ಹೋಗಿಬಂದ ಮೇಲೆ ಕೆಲವು ದಿನಗಳಲ್ಲಿ ಜ್ವರ, ಕೆಮ್ಮು ಬಂದರೆ ಪರೀಕ್ಷೆ ಮಾಡಿಸಿ. ಸೋಂಕು ಇದ್ದರೆ ಕ್ಲಿನಿಕ್‌ಗೂ ಒಂದು ಫೋನ್ ಮಾಡಿ ತಿಳಿಸಿ. ಅಲ್ಲಿನವರು, ನಿಮ್ಮ ನಂತರ ಬಂದವರು ಎಚ್ಚರವಾಗಿರುತ್ತಾರೆ.

ಹಂತ 7: ಹೋಗುವ ಪ್ರಸಂಗವೇ ಬಾರದಂತೆ ಮನೆಯಲ್ಲಿ ನೋಡಿಕೊಳ್ಳುವುದು

ಮನೆಯಲ್ಲೇ ಕೂತಾಗ ಹಲ್ಲು ಹಾಳಾಗುವುದು ಹೊತ್ತುಗೊತ್ತಿಲ್ಲದ ತಿನ್ನಾಟದಿಂದ. ಸಿಹಿ ಅಥವಾ ಹಿಟ್ಟಿನ ತಿಂಡಿ ಬಾಯಿಗೆ ಬಿದ್ದಾಗಲೆಲ್ಲ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತದೆ. ಎಂಜಲು ಆ ಆಮ್ಲವನ್ನು ತೊಳೆದು ಹಲ್ಲನ್ನು ಸರಿಮಾಡಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೊಂದು ಬಿಸ್ಕತ್ತು ಬಾಯಿಗೆ ಹಾಕುತ್ತಿದ್ದರೆ ಎಂಜಲಿಗೆ ಆ ಬಿಡುವೇ ಸಿಗುವುದಿಲ್ಲ. ಹಾಗಾಗಿ ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಮುಗಿಸಿ. ನಡುವೆ ನೀರು ಕುಡಿಯಿರಿ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಹಲ್ಲುಜ್ಜಿ. ಎರಡರಲ್ಲಿ ಒಂದನ್ನು ಬಿಡುವುದಾದರೆ ರಾತ್ರಿಯದನ್ನು ಮಾತ್ರ ಬಿಡಬೇಡಿ. ನಿದ್ದೆಯಲ್ಲಿ ಎಂಜಲು ಊರುವುದು ಕಡಿಮೆ, ಹಲ್ಲಿಗೆ ಕಾವಲಿಲ್ಲ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ದೊಡ್ಡವರಿಗೆ 1000ದಿಂದ 1500 ಪಿಪಿಎಂ ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಪಿಪಿಎಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ. 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಜ್ಜಿದ ಮೇಲೆ ಉಗುಳಿ, ಆದರೆ ತುಂಬಾ ನೀರು ಹಾಕಿ ತೊಳೆಯಬೇಡಿ. ಪೇಸ್ಟಿನ ಫ್ಲೋರೈಡ್ ಸ್ವಲ್ಪ ಹಲ್ಲಿನ ಮೇಲೆ ಉಳಿದರೇ ಪ್ರಯೋಜನ.

ಉಜ್ಜುವಾಗ ಒಸಡಿನಿಂದ ರಕ್ತ ಬಂತೆಂದು ಆ ಜಾಗ ಬಿಟ್ಟು ಉಜ್ಜುವವರು ತುಂಬಾ ಜನ. ಮಾಡಬೇಕಾದದ್ದು ತಿರುಗಾಮುರುಗಾ. ಅಲ್ಲಿ ಕೊಳೆ ಕೂತಿರುವುದಕ್ಕೇ ರಕ್ತ ಬರುತ್ತಿದೆ. ಮೆತ್ತನೆಯ ಬ್ರಷ್‌ನಿಂದ ಅಲ್ಲೇ ಜಾಸ್ತಿ ಗಮನ ಕೊಟ್ಟು ಉಜ್ಜಿ. ಎರಡು ವಾರದಲ್ಲೂ ಕಡಿಮೆಯಾಗದಿದ್ದರೆ ತೋರಿಸಿ.

ಮಾಸ್ಕ್ ಹಾಕಿದಾಗ ಕೆಲವರು ಗೊತ್ತಿಲ್ಲದೇ ಬಾಯಿಂದ ಉಸಿರಾಡುತ್ತಾರೆ, ನೀರು ಕುಡಿಯುವುದನ್ನೂ ಮರೆಯುತ್ತಾರೆ. ಬಾಯಿ ಒಣಗುತ್ತದೆ, ವಾಸನೆ ಬರುತ್ತದೆ. ಮಾಸ್ಕ್ ಬಿಡುವುದು ಇದಕ್ಕೆ ಪರಿಹಾರವಲ್ಲ, ನೀರು ಕುಡಿಯುವುದು. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಂತಿದ್ದರೆ, ಕಿವಿಯ ಮುಂದೆ ನೋಯುತ್ತಿದ್ದರೆ ಚಿಂತೆಯಲ್ಲಿ ರಾತ್ರಿ ಹಲ್ಲು ಕಡಿಯುತ್ತಿರಬಹುದು. ಹಗಲು ಆಗಾಗ ಗಮನಿಸಿ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಂದು ಇರಲಿ.

ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಅವರ ಬ್ರಷ್, ಪೇಸ್ಟ್, ಲೋಟ ಎಲ್ಲ ಬೇರೆ ಜಾಗದಲ್ಲಿರಲಿ. ಎಲ್ಲರ ಬ್ರಷ್ ಒಂದೇ ಲೋಟದಲ್ಲಿ ತಾಗಿಕೊಂಡು ನಿಲ್ಲುವುದು ಬೇಡ. ಬ್ರಷ್ಷನ್ನು ಸ್ಯಾನಿಟೈಜರ್‌ನಲ್ಲಿ ಅದ್ದಬೇಡಿ, ನೀರಿನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ವಾಸಿಯಾದ ಮೇಲೆ ಹೊಸದು ತೆಗೆದುಕೊಳ್ಳಿ. ಮೌತ್‌ವಾಶ್‌ನಿಂದ ಸೋಂಕು ಬರುವುದನ್ನು ತಡೆಯಬಹುದು ಎಂಬ ಮಾತು ನಂಬಬೇಡಿ. ವೈರಸ್ ಇರುವುದು ಮೂಗು, ಗಂಟಲು, ಶ್ವಾಸಕೋಶದಲ್ಲೂ. ಬಾಯಿ ಮುಕ್ಕಳಿಸಿದರೆ ಅಲ್ಲಿಗೆ ತಲುಪುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಟ್ಟು ಮಲಗಿ.

ಮಕ್ಕಳು ಮನೆಯಲ್ಲಿ ಆಡಿ ಬಿದ್ದು ಹಲ್ಲು ಪೂರ್ತಿ ಕಿತ್ತುಬಂದರೆ ಏನು ಮಾಡಬೇಕು ಎಂದು ಇವತ್ತೇ ತಿಳಿದುಕೊಳ್ಳಿ. ಆಗ ಓದುತ್ತಾ ಕೂರಲು ಸಮಯವಿರುವುದಿಲ್ಲ. ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ತಣ್ಣೀರಿನಲ್ಲಿ ಹತ್ತು ಸೆಕೆಂಡ್ ಹಿಡಿದರೆ ಸಾಕು. ಶಾಶ್ವತ ಹಲ್ಲಾದರೆ ಅದರ ಗುಳಿಯಲ್ಲೇ ಮತ್ತೆ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿ, ನೀರಿನಲ್ಲಿ ಅಲ್ಲ. ಅರ್ಧ ಗಂಟೆಯೊಳಗೆ ಡಾಕ್ಟರ ಹತ್ತಿರ ತಲುಪಿದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಹಾಲು ಹಲ್ಲಾದರೆ ಮತ್ತೆ ಕೂರಿಸಲೇಬಾರದು. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಕೋವಿಡ್‌ನಿಂದ ವಾಸಿಯಾದವರಿಗೆ ಒಂದು ಎಚ್ಚರಿಕೆ

2021ರಲ್ಲಿ ಭಾರತದಲ್ಲಿ ಕೋವಿಡ್ ವಾಸಿಯಾದ ಬಹಳ ಜನರಿಗೆ ಕಪ್ಪು ಶಿಲೀಂಧ್ರ ಎಂದು ಕರೆಯುವ ಮ್ಯೂಕರ್‌ಮೈಕೋಸಿಸ್ ಬಂತು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಔಷಧಿ ಇವು ಅದಕ್ಕೆ ದಾರಿ ಮಾಡಿಕೊಟ್ಟವು. ಕೆಲವರಿಗೆ ಅದು ಮೊದಲು ಕಾಣಿಸಿಕೊಂಡದ್ದು ಬಾಯಲ್ಲೇ. ಮೇಲಿನ ದವಡೆಯ ಗಟ್ಟಿ ಹಲ್ಲುಗಳು ಕಾರಣವಿಲ್ಲದೇ ಅಲ್ಲಾಡುವುದು, ಅಂಗುಳ ಕಪ್ಪಾಗುವುದು, ಒಂದು ಕಡೆಯ ಕೆನ್ನೆ ಮರಗಟ್ಟುವುದು ಅಥವಾ ಊದುವುದು, ಮೂಗಿನಿಂದ ಕಪ್ಪು ಸಿಂಬಳ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಸಾಮಾನ್ಯ ಹಲ್ಲುನೋವು ಎಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ.

ಅಲೆ ಇಳಿದ ಕೂಡಲೇ

ಮುಂದೂಡಿದ ಕೆಲಸಗಳ ಚೀಟಿಯೊಂದನ್ನು ಈಗಲೇ ಬರೆದಿಡಿ. ಮೊದಲ ಸಾಲಿನಲ್ಲಿ ಅರ್ಧಕ್ಕೆ ನಿಂತ ರೂಟ್ ಕೆನಾಲ್, ತಾತ್ಕಾಲಿಕ ಫಿಲ್ಲಿಂಗ್ ಬರಲಿ. ತಾತ್ಕಾಲಿಕ ಫಿಲ್ಲಿಂಗ್ ಇರುವುದೇ ಕೆಲವು ವಾರಕ್ಕೆ. ಅದು ಸವೆದು ಸಂದು ಬಿಟ್ಟರೆ ಒಳಗೆ ಮತ್ತೆ ಸೋಂಕು ಸೇರುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಅದರ ನಂತರ ಕ್ಲಿಪ್ ಹಾಕಿಸಿಕೊಂಡವರು, ತಿಂಗಳುಗಟ್ಟಲೆ ಬಿಗಿ ನೋಡಿಸದಿದ್ದರೆ ಹಲ್ಲು ಬೇಡದ ಕಡೆ ಸರಿಯಬಹುದು. ಆಮೇಲೆ ಸಕ್ಕರೆ ಕಾಯಿಲೆಯವರ ಒಸಡಿನ ತಪಾಸಣೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಏರಿದರೆ ಒಸಡು ಇನ್ನಷ್ಟು ಕೆಡುತ್ತದೆ. ಗರ್ಭಿಣಿಯರಿಗೂ ಚಿಕಿತ್ಸೆ ಮಾಡಬಹುದು, ನಡುವಿನ ಮೂರು ತಿಂಗಳು ಅನುಕೂಲ. ಕ್ಲೀನಿಂಗ್, ಬಿಳಿ ಮಾಡಿಸುವುದು ಚೀಟಿಯ ಕೊನೆಗೆ. ಮೊದಲ ವಾರವೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಎಲ್ಲರೂ ಒಟ್ಟಿಗೇ ಬರುವುದರಿಂದ ತಡ ಮಾಡಿದರೆ ಇನ್ನೂ ಕೆಲವು ವಾರ ಕಾಯಬೇಕಾಗುತ್ತದೆ.